ಭಾರ ಎಲ್ಲಿಗೆ ಹೋಯಿತು?

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿರುವ ಕಾರಿಗೆ ಗಟ್ಟಿಯಾಗಿ ಬ್ರೇಕ್ ಹಾಕಿದರೆ ಎಷ್ಟು ದೂರ ಹೋಗಿ ನಿಲ್ಲುತ್ತದೆ? ಟೈರಿನ ಹಿಡಿತ ಚೆನ್ನಾಗಿದೆ, ಘರ್ಷಣಾಂಕ 1 ಇದೆ ಎಂದಿಟ್ಟುಕೊಂಡರೆ ಉತ್ತರ ಸುಮಾರು 39 ಮೀಟರ್. ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿ, ಇದೇ ಸಂಖ್ಯೆ ಬರುತ್ತದೆ. ಈ ಲೆಕ್ಕದಲ್ಲಿ ಕಾರಿನ ತೂಕಕ್ಕೆ ಜಾಗವೇ ಇಲ್ಲ. ಕಾರು ಭಾರವಾದಷ್ಟೂ ಅದನ್ನು ತಡೆದು ನಿಲ್ಲಿಸುವುದು ಕಷ್ಟ, ನಿಜ. ಆದರೆ ಅದು ನೆಲವನ್ನು ಒತ್ತುವ ಬಲವೂ ಅಷ್ಟೇ ಹೆಚ್ಚುತ್ತದೆ. ಎರಡೂ ಸೇರಿ ಸಮ ಮಾಡಿಬಿಡುತ್ತವೆ. ಹಾಗಾಗಿ 1,300 ಕಿಲೋ ತೂಗುವ ಕಾರಿಗೂ, ಎರಡು ಕಿಲೋ ಸಹ ತೂಗದ ರಿಮೋಟ್ ಕಾರಿಗೂ ಒಂದೇ ಹಿಡಿತವಿದ್ದರೆ ನಿಲ್ಲಲು ಬೇಕಾದ ದೂರ ಒಂದೇ.

ಈ ಎರಡನೆಯ ಕಾರಿನ ಬಗ್ಗೆ ಈ ಅಧ್ಯಾಯ. ನೈಟ್ರೋ ಟೂರಿಂಗ್ ಕಾರು ಎಂದು ರೇಡಿಯೋ ಕಂಟ್ರೋಲ್ (ಆರ್‌ಸಿ) ಸ್ಪರ್ಧಿಗಳು ಕರೆಯುವ ಈ ವಾಹನ ನಿಜವಾದ ಟೂರಿಂಗ್ ಕಾರಿನ ಹತ್ತನೇ ಒಂದರಷ್ಟು ಗಾತ್ರದ್ದು. ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಯಮದಂತೆ ಅದರ ಅಗಲ 200 ಮಿ.ಮೀ. ದಾಟುವಂತಿಲ್ಲ, ಎಂಜಿನ್ನು 2.11 ಸಿ.ಸಿ. ಮೀರುವಂತಿಲ್ಲ, ಟ್ಯಾಂಕಿನಲ್ಲಿ 75 ಸಿ.ಸಿ.ಗಿಂತ ಹೆಚ್ಚು ಇಂಧನ ಹಿಡಿಸುವಂತಿಲ್ಲ. ಇಂಧನ ಪೆಟ್ರೋಲಲ್ಲ. ಮೆಥನಾಲ್, ನೈಟ್ರೋಮೀಥೇನ್, ಜತೆಗೆ ಎಂಜಿನ್ನಿನ ಒಳಭಾಗಗಳನ್ನು ಸವೆಯದಂತೆ ಕಾಯಲು ಹರಳೆಣ್ಣೆ ಅಥವಾ ಕೃತಕ ಎಣ್ಣೆ. ನಿಮಿಷಕ್ಕೆ 30,000 ಸುತ್ತು ದಾಟುವ ಈ ಪುಟ್ಟ ಎಂಜಿನ್ನು ಎರಡು ಗೇರುಗಳ ಮೂಲಕ ಹಲ್ಲಿನ ಬೆಲ್ಟುಗಳನ್ನು ಎಳೆದು ನಾಲ್ಕೂ ಗಾಲಿಗಳನ್ನು ತಿರುಗಿಸುತ್ತದೆ. ಉದ್ದನೆಯ ನೇರ ಹಾದಿ ಸಿಕ್ಕರೆ ಕಾರು ಗಂಟೆಗೆ 100 ಕಿ.ಮೀ. ಮುಟ್ಟುತ್ತದೆ.

ಸುಮಾರು 1.7 ಕಿಲೋ ತೂಕದ ಈ ಕಾರು ಆ ವೇಗದಲ್ಲಿ ಹೊತ್ತಿರುವ ಚಲನಶಕ್ತಿ 650 ಜೂಲ್‌ಗೂ ಹೆಚ್ಚು. ವೇಗದ ಬೌಲರ್ ಒಬ್ಬ ಗಂಟೆಗೆ 140 ಕಿ.ಮೀ. ವೇಗದಲ್ಲಿ ಎಸೆದ ಕ್ರಿಕೆಟ್ ಚೆಂಡಿನಲ್ಲಿರುವುದು ಸುಮಾರು 120 ಜೂಲ್. ಅಂಥ ಐದು ಚೆಂಡುಗಳ ಶಕ್ತಿ ಒಟ್ಟಾಗಿ ಟ್ರ್ಯಾಕಿನ ಅಂಚಿನ ಕಡೆಗೆ ಬರುತ್ತಿದೆ ಎಂದು ಊಹಿಸಿಕೊಂಡರೆ, ಇದನ್ನು ಮಕ್ಕಳ ಆಟಿಕೆ ಎಂದು ಬದಿಗೆ ಸರಿಸಲು ಯಾರಿಗೂ ಮನಸ್ಸಾಗದು. ಬ್ರೇಕು ಮತ್ತು ಸಸ್ಪೆನ್ಷನ್ ಕುರಿತ ಭೌತವಿಜ್ಞಾನವನ್ನು ಕೈಯಲ್ಲಿ ಹಿಡಿದು ಕಲಿಯಲು ಇದಕ್ಕಿಂತ ಒಳ್ಳೆಯ ಉಪಕರಣ ನನಗೆ ಗೊತ್ತಿಲ್ಲ. ನಿಜವಾದ ಕಾರಿನಲ್ಲಿ ಒಂದು ಸ್ಪ್ರಿಂಗ್ ಬದಲಿಸಲು ಗ್ಯಾರೇಜು, ಜ್ಯಾಕು, ಅರ್ಧ ದಿನ ಬೇಕು. ಇಲ್ಲಿ ಐದು ನಿಮಿಷ ಸಾಕು.

ಈ ಕಾರುಗಳ ಬಗ್ಗೆ ಒಂದು ತಪ್ಪು ಮಾತು ಬಹಳ ಓಡಾಡುತ್ತದೆ. ಹತ್ತನೇ ಒಂದರಷ್ಟು ಗಾತ್ರದ ಕಾರು ಗಂಟೆಗೆ 100 ಕಿ.ಮೀ. ಓಡಿದರೆ ಅದು ದೊಡ್ಡ ಕಾರಿನ 1,000 ಕಿ.ಮೀ.ಗೆ ಸಮ ಎಂಬುದೇ ಆ ಮಾತು. ಕೇಳಲು ರೋಮಾಂಚಕ, ಆದರೆ ಸರಿಯಲ್ಲ. ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೌಡ್ 1870ರ ದಶಕದಲ್ಲಿ ಟಾರ್ಕಿಯಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ, ಹಡಗುಗಳ ಪುಟ್ಟ ಮಾದರಿಗಳನ್ನು ಎಳೆದು, ಮಾದರಿಯ ವೇಗ ದೊಡ್ಡದರ ಯಾವ ವೇಗಕ್ಕೆ ಸಮ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ್ದ. ಗುರುತ್ವ ಮತ್ತು ಜಡತ್ವ ಎರಡೂ ಮುಖ್ಯವಾಗಿರುವಲ್ಲಿ ವೇಗ ಉದ್ದದ ವರ್ಗಮೂಲದಂತೆ ಬದಲಾಗುತ್ತದೆ ಎಂಬುದು ಅವನು ಕಂಡುಕೊಂಡ ಸೂತ್ರ. ಹತ್ತರ ವರ್ಗಮೂಲ 3.16. ಆದ್ದರಿಂದ ನಮ್ಮ ಪುಟ್ಟ ಕಾರಿನ 100 ಕಿ.ಮೀ. ದೊಡ್ಡ ಕಾರಿನ 316 ಕಿ.ಮೀ.ಗೆ ಸಮ. ಅದೇನೂ ಕಡಿಮೆಯಲ್ಲ.

ವೇಗಕ್ಕಿಂತ ಮುಖ್ಯವಾದದ್ದು ಈ ಸೂತ್ರ ಕಾಲದ ಬಗ್ಗೆ ಹೇಳುವ ಮಾತು. ಕಾರು ಹತ್ತು ಪಟ್ಟು ಚಿಕ್ಕದಾದಾಗ ಅದು ಬಾಗುವುದು, ಏಳುವುದು, ಜಾರುವುದು, ಮತ್ತೆ ಹಿಡಿತಕ್ಕೆ ಬರುವುದು ಎಲ್ಲವೂ ಮೂರು ಪಟ್ಟಿಗೂ ಹೆಚ್ಚು ಬೇಗ ನಡೆದುಹೋಗುತ್ತವೆ. ಆದರೆ ಓಡಿಸುವವರ ನರಮಂಡಲ ಚಿಕ್ಕದಾಗಿರುವುದಿಲ್ಲ. ಕಣ್ಣು ಕಂಡದ್ದಕ್ಕೆ ಬೆರಳು ಪ್ರತಿಕ್ರಿಯಿಸಲು ಸುಮಾರು 0.2 ಸೆಕೆಂಡು ಬೇಕು. ಅಷ್ಟರಲ್ಲಿ ಕಾರು ಐದೂವರೆ ಮೀಟರ್, ಅಂದರೆ ತನ್ನ ಉದ್ದದ ಹನ್ನೆರಡು ಪಟ್ಟು, ಮುಂದೆ ಹೋಗಿರುತ್ತದೆ. ಮೇಲಾಗಿ ಓಡಿಸುವವರು ಕಾರಿನೊಳಗೆ ಇಲ್ಲ. ಹಿಂಭಾಗ ಜಾರಲು ತೊಡಗಿದ್ದನ್ನು ನಿಜವಾದ ಚಾಲಕನ ಸೊಂಟ ಮೊದಲು ಅರಿಯುತ್ತದೆ. ಟ್ರ್ಯಾಕಿನ ಬದಿಯ ಎತ್ತರದ ಕಟ್ಟೆಯ ಮೇಲೆ ನಿಂತವರಿಗೆ ಆ ಸುದ್ದಿ ಕಣ್ಣಿನ ಮೂಲಕವೇ, ತಡವಾಗಿಯೇ ಬರಬೇಕು. ಜಾರಿದ ಮೇಲೆ ಸರಿಪಡಿಸಲು ಸಮಯವಿಲ್ಲ. ಕಾರು ಏನು ಮಾಡಬೇಕೆಂಬುದನ್ನು ಓಟಕ್ಕೆ ಮೊದಲೇ ಮೇಜಿನ ಮೇಲೆ ತೀರ್ಮಾನಿಸಿ ಸ್ಪ್ರಿಂಗು, ಎಣ್ಣೆ, ಬ್ರೇಕಿನ ಕೀಲುಗಳಲ್ಲಿ ಅಳವಡಿಸಿಡಬೇಕು. ಆರ್‌ಸಿ ಲೋಕದಲ್ಲಿ ಸೆಟಪ್ ಎನ್ನುವುದು ಇದನ್ನೇ.

ಸೆಟಪ್‌ನ ಕೆಲಸ ಹಿಡಿತವನ್ನು ಹುಟ್ಟಿಸುವುದು ಎಂದು ಹೊಸಬರು ಭಾವಿಸುತ್ತಾರೆ. ಹಿಡಿತ ಹುಟ್ಟುವುದು ಟೈರು ಮತ್ತು ನೆಲದ ನಡುವೆ. ಸಸ್ಪೆನ್ಷನ್ನಿಗೂ ಬ್ರೇಕಿಗೂ ಇರುವ ಅಧಿಕಾರ ಒಂದೇ: ಇರುವ ಭಾರವನ್ನು ನಾಲ್ಕು ಟೈರುಗಳ ನಡುವೆ ಯಾವ ಕ್ಷಣದಲ್ಲಿ ಎಷ್ಟು ಹಂಚಬೇಕೆಂದು ನಿರ್ಧರಿಸುವುದು. ಕಾರು ವಿಚಿತ್ರವಾಗಿ ವರ್ತಿಸಿದಾಗಲೆಲ್ಲ ಕೇಳಬೇಕಾದ ಪ್ರಶ್ನೆ, ಭಾರ ಎಲ್ಲಿಗೆ ಹೋಯಿತು ಎಂಬುದು.

ಹಂಚಿಕೆ ಯಾಕೆ ಅಷ್ಟು ಮುಖ್ಯ? ಫ್ರಾನ್ಸಿನ ಗಿಯೋಮ್ ಅಮೊಂತೋಂ 1699ರಲ್ಲಿ ಹೇಳಿದ ನಿಯಮವನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ: ಘರ್ಷಣೆ ಭಾರಕ್ಕೆ ಅನುಪಾತದಲ್ಲಿರುತ್ತದೆ. ಭಾರ ದುಪ್ಪಟ್ಟಾದರೆ ಘರ್ಷಣೆಯೂ ದುಪ್ಪಟ್ಟು. ರಬ್ಬರು ಈ ನಿಯಮಕ್ಕೆ ಪೂರ್ತಿ ಬಗ್ಗುವುದಿಲ್ಲ. ಟೈರಿನ ಮೇಲೆ ಭಾರ ಹೆಚ್ಚಿದಂತೆ ಹಿಡಿತ ಹೆಚ್ಚುತ್ತದೆ, ಆದರೆ ಭಾರ ಹೆಚ್ಚಿದಷ್ಟು ಹೆಚ್ಚುವುದಿಲ್ಲ. ಎರಡು ಟೈರುಗಳು ಒಂದು ಭಾರವನ್ನು ಸಮನಾಗಿ ಹೊತ್ತಾಗ ಸಿಗುವ ಹಿಡಿತಕ್ಕಿಂತ, ಒಂದು ಹೆಚ್ಚು ಇನ್ನೊಂದು ಕಡಿಮೆ ಹೊತ್ತಾಗ ಸಿಗುವ ಒಟ್ಟು ಹಿಡಿತ ಕಡಿಮೆ. ಸಸ್ಪೆನ್ಷನ್ ವಿದ್ಯೆಯ ಬಹುಭಾಗ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಈಗ ಕಾರನ್ನು ತಿರುವಿಗೆ ತನ್ನಿ. ಗುರುತ್ವ ಕೇಂದ್ರ ನೆಲದಿಂದ 35 ಮಿ.ಮೀ. ಮೇಲಿದೆ, ಎಡಬಲ ಟೈರುಗಳ ಮಧ್ಯರೇಖೆಗಳ ನಡುವೆ 170 ಮಿ.ಮೀ. ಅಂತರವಿದೆ ಎಂದಿಟ್ಟುಕೊಳ್ಳಿ. ತಿರುವಿನಲ್ಲಿ ಗುರುತ್ವದ ಒಂದೂವರೆ ಪಟ್ಟು ವೇಗೋತ್ಕರ್ಷ ಬಂದರೆ, 525 ಗ್ರಾಂ ಭಾರ ಒಳಬದಿಯಿಂದ ಹೊರಬದಿಗೆ ಸಾಗುತ್ತದೆ. ನಿಂತಾಗ ತಲಾ 850 ಗ್ರಾಂ ಹೊತ್ತಿದ್ದ ಎರಡು ಬದಿಗಳಲ್ಲಿ ಈಗ ಹೊರಬದಿಗೆ 1,375, ಒಳಬದಿಗೆ ಬರೀ 325. ತೂಕ, ಎತ್ತರ, ಅಗಲ, ವೇಗೋತ್ಕರ್ಷ ಈ ನಾಲ್ಕನ್ನು ಬಿಟ್ಟರೆ ಈ 525 ಗ್ರಾಮನ್ನು ನಿರ್ಧರಿಸುವ ಬೇರೇನೂ ಇಲ್ಲ. ಮೆತ್ತನೆಯ ಸ್ಪ್ರಿಂಗ್ ಹಾಕಿದರೆ ಭಾರ ಕಡಿಮೆ ಸರಿಯುತ್ತದೆ, ಗಟ್ಟಿ ಸ್ಪ್ರಿಂಗ್ ಹಾಕಿದರೆ ಹೆಚ್ಚು ಎಂಬ ನಂಬಿಕೆ ಹಳೆಯ ಸ್ಪರ್ಧಿಗಳಲ್ಲೂ ಇದೆ. ಮೆತ್ತನೆಯ ಸ್ಪ್ರಿಂಗಿನಲ್ಲಿ ಕಾರು ಹೆಚ್ಚು ಬಾಗುತ್ತದೆ, ನಿಜ. ಸರಿಯುವ ಭಾರ ಮಾತ್ರ ಹೆಚ್ಚುಕಡಿಮೆ ಅಷ್ಟೇ.

ಸ್ಪ್ರಿಂಗಿನ ಕೈಯಲ್ಲಿರುವುದು ಬೇರೊಂದು ವಿಷಯ. ಆ 525 ಗ್ರಾಮಿನಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂಬುದನ್ನು ಅದು ನಿರ್ಧರಿಸುತ್ತದೆ. ಯಾವ ತುದಿ ಗಟ್ಟಿಯಾಗಿದೆಯೋ ಅದು ಹೆಚ್ಚು ಪಾಲು ಹೊರುತ್ತದೆ. ಹೆಚ್ಚು ಹೊತ್ತ ಜೋಡಿ ಮೇಲೆ ಹೇಳಿದ ಕಾರಣಕ್ಕೆ ಹಿಡಿತ ಕಳೆದುಕೊಳ್ಳುತ್ತದೆ. ಎಡಬಲ ಗಾಲಿಗಳನ್ನು ಜೋಡಿಸಿ ಕಾರು ಬಾಗುವುದನ್ನು ತಡೆಯುವ ತಂತಿಗೆ ಆಂಟಿ-ರೋಲ್ ಬಾರ್ ಎನ್ನುತ್ತಾರೆ. ಮುಂದೆ ಗಟ್ಟಿ ಆಂಟಿ-ರೋಲ್ ಬಾರ್ ಹಾಕಿದರೆ ಕಾರು ತಿರುವಿನಲ್ಲಿ ಹೊರಕ್ಕೆ ಸರಿಯುತ್ತದೆ, ಹಿಂದೆ ಹಾಕಿದರೆ ಬಾಲ ಬೀಸುತ್ತದೆ. ಈ ವಿಚಾರಗಳನ್ನು ಮೊದಲು ವ್ಯವಸ್ಥಿತವಾಗಿ ಅಳೆದವರಲ್ಲಿ ಪ್ರಮುಖ ಮೊರಿಸ್ ಓಲಿ. ರೋಲ್ಸ್ ರಾಯ್ಸ್‌ನಿಂದ ಅಮೆರಿಕಕ್ಕೆ ಹೋಗಿ 1930ರ ದಶಕದಲ್ಲಿ ಕ್ಯಾಡಿಲಾಕ್ ಕಾರುಗಳ ಮೇಲೆ ಕೆಲಸ ಮಾಡಿದ ಈ ಎಂಜಿನಿಯರ್ ಕಂಡುಕೊಂಡದ್ದನ್ನೇ ಇಂದು ಆರ್‌ಸಿ ಸ್ಪರ್ಧಿ ಒಂದೂವರೆ ಮಿ.ಮೀ. ದಪ್ಪದ ತಂತಿಯಲ್ಲಿ ಮತ್ತೆ ಕಾಣುತ್ತಾನೆ.

ಎಡಬಲದ ಇದೇ ಲೆಕ್ಕ ಇನ್ನೊಂದು ಅಪಾಯವನ್ನೂ ತೋರಿಸುತ್ತದೆ. ವೇಗೋತ್ಕರ್ಷ ಗುರುತ್ವದ 2.4 ಪಟ್ಟನ್ನು ಮುಟ್ಟಿದರೆ ಒಳಬದಿಯ ಟೈರುಗಳ ಮೇಲೆ ಭಾರವೇ ಉಳಿಯುವುದಿಲ್ಲ, ಕಾರು ಪಲ್ಟಿ ಹೊಡೆಯುತ್ತದೆ. ಫೋಮ್ ಟೈರುಗಳ ರಬ್ಬರು ನೆಲಕ್ಕೆ ಮೆತ್ತಿ ಮೆತ್ತಿ ಟ್ರ್ಯಾಕು ಅಂಟಂಟಾದ ಮಧ್ಯಾಹ್ನಗಳಲ್ಲಿ ಇದು ನಡೆಯುವುದುಂಟು. ಆಗ ಸ್ಪರ್ಧಿಗಳು ಮುಂದಿನ ಟೈರಿನ ಹೊರ ಅಂಚಿಗೆ ಸೂಪರ್ ಗ್ಲೂ ಹಚ್ಚುತ್ತಾರೆ. ಗಟ್ಟಿಯಾದ ಅಂಚು ನೆಲವನ್ನು ಕಚ್ಚದೆ ಜಾರುತ್ತದೆ, ಕಾರು ಮಗುಚದೆ ಉಳಿಯುತ್ತದೆ. ಬೇಕೆಂದೇ ಹಿಡಿತ ಕಳೆಯುವ ಈ ಉಪಾಯ ನನಗೆ ಬಹಳ ಇಷ್ಟ.

ಸ್ಪ್ರಿಂಗ್ ಎಷ್ಟು ಗಟ್ಟಿ ಇರಬೇಕು ಎಂಬುದಕ್ಕೆ ಒಂದು ಸರಳ ಅಳತೆಯಿದೆ. ಕಾರು ತನ್ನ ತೂಕಕ್ಕೇ ಎಷ್ಟು ಕುಸಿದು ಕೂರುತ್ತದೆ ಎಂದು ನೋಡಿದರೆ ಅದರ ಸಹಜ ಕಂಪನಾಂಕ ತಿಳಿಯುತ್ತದೆ. ಹಾಗೆ 4 ಮಿ.ಮೀ. ಕುಸಿಯುವ ಕಾರು ಸೆಕೆಂಡಿಗೆ ಸುಮಾರು ಎಂಟು ಸಲ ಪುಟಿಯುತ್ತದೆ. ನಮ್ಮ ಮನೆಯ ಕಾರುಗಳು ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಪುಟಿಯುವಂತೆ ತಯಾರಾಗಿರುತ್ತವೆ. ಎಂಟನ್ನು ಫ್ರೌಡ್‌ನ 3.16ರಿಂದ ಭಾಗಿಸಿದರೆ ಎರಡೂವರೆ ಬರುತ್ತದೆ. ಅದು ರೇಸ್ ಕಾರುಗಳ ಕಂಪನಾಂಕದ ಆಸುಪಾಸು. ಗಾತ್ರ ಹತ್ತು ಪಟ್ಟು ಬೇರೆಯಾದರೂ ಎರಡು ರೇಸ್ ಕಾರುಗಳು ಒಂದೇ ನೆಲೆಗೆ ಬಂದು ನಿಲ್ಲುವುದು ಆಕಸ್ಮಿಕವಲ್ಲ. ಇಲ್ಲೇ ಒಂದು ಎಚ್ಚರಿಕೆಯನ್ನೂ ಹೇಳಬೇಕು: ಶಾಕ್ ಅಬ್ಸಾರ್ಬರ್, ಅಂದರೆ ಶಾಕ್‌ನ ಮೇಲಿನ ಉಂಗುರವನ್ನು ತಿರುಗಿಸಿ ಸ್ಪ್ರಿಂಗನ್ನು ಅದುಮಿದರೆ ಸ್ಪ್ರಿಂಗು ಗಟ್ಟಿಯಾಗುವುದಿಲ್ಲ. ಕಾರು ನೆಲದಿಂದ ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ ಎಂಬುದಷ್ಟೇ ಬದಲಾಗುತ್ತದೆ. ಆ ಎತ್ತರ ಸಾಮಾನ್ಯವಾಗಿ 5 ಮಿ.ಮೀ. ಆಸುಪಾಸು, ಹಿಂದೆ ಒಂದಿಷ್ಟು ಹೆಚ್ಚು.

ಪುಟಿಯುವುದನ್ನು ತಣಿಸುವುದು ಶಾಕ್‌ನೊಳಗಿನ ಸಿಲಿಕೋನ್ ಎಣ್ಣೆ. ಅದರ ಸ್ನಿಗ್ಧತೆ 350ರಿಂದ 500 ಸೆಂಟಿಸ್ಟೋಕ್ ಇರುವುದು ವಾಡಿಕೆ. ನೀರಿನದು ಕೋಣೆಯ ಉಷ್ಣತೆಯಲ್ಲಿ 1. ಇಷ್ಟು ಮಂದವಾದ ದ್ರವ ಪಿಸ್ಟನ್ನಿನ ಒಂದು ಮಿ.ಮೀ. ಅಗಲದ ತೂತುಗಳಲ್ಲಿ ನುಗ್ಗುವಾಗ ಸುಳಿಯೇಳದೆ ಪದರ ಪದರವಾಗಿ ಹರಿಯುತ್ತದೆ. ದೊಡ್ಡ ಕಾರಿನ ಶಾಕ್‌ಗಳಲ್ಲಿ ಕವಾಟಗಳಿರುತ್ತವೆ, ಹರಿವು ಬಹಳ ಸಲ ಕ್ಷೋಭೆಗೊಳ್ಳುತ್ತದೆ, ಲೆಕ್ಕ ಜಟಿಲವಾಗುತ್ತದೆ. ನಮ್ಮ ಪುಟ್ಟ ಶಾಕ್‌ಗೆ ಫ್ರಾನ್ಸಿನ ವೈದ್ಯ ಪ್ವಾಸೂಯ 1840ರ ಆಸುಪಾಸಿನಲ್ಲಿ ರಕ್ತದ ಹರಿವನ್ನು ಅರ್ಥಮಾಡಿಕೊಳ್ಳಲು ಸಪೂರ ಗಾಜಿನ ನಳಿಗೆಗಳ ಮೇಲೆ ಪ್ರಯೋಗ ನಡೆಸಿ ಪಡೆದ ನಿಯಮವೇ ಸಾಕು. ಹರಿವು ತೂತಿನ ವ್ಯಾಸದ ನಾಲ್ಕನೇ ಘಾತದಂತೆ ಹೆಚ್ಚುತ್ತದೆ ಎನ್ನುತ್ತದೆ ಆ ನಿಯಮ.

ನಾಲ್ಕನೇ ಘಾತ ಎಂದರೆ ಎಷ್ಟು ತೀಕ್ಷ್ಣವೆಂದು ನೋಡಿ. 1.1 ಮಿ.ಮೀ. ತೂತಿನ ಪಿಸ್ಟನ್ ತೆಗೆದು 1.2 ಮಿ.ಮೀ. ತೂತಿನದನ್ನು ಹಾಕಿದರೆ ಕಣ್ಣಿಗೆ ವ್ಯತ್ಯಾಸವೇ ಕಾಣದು. ಆದರೆ ಎಣ್ಣೆ ಶೇಕಡ 40ರಷ್ಟು ಹೆಚ್ಚು ಸಲೀಸಾಗಿ ಹರಿಯುತ್ತದೆ, ಶಾಕ್‌ನ ತಡೆ ಮುಕ್ಕಾಲಿಗಿಂತ ಕೆಳಗಿಳಿಯುತ್ತದೆ. ಎಣ್ಣೆಯನ್ನು 400ರಿಂದ 350ಕ್ಕೆ ಇಳಿಸಿದಾಗ ಸಿಗುವುದು ಇದರ ಅರ್ಧದಷ್ಟೂ ಇಲ್ಲ. ಹಾಗಾಗಿ ಮೊದಲು ಪಿಸ್ಟನ್ ಯಾವುದೆಂದು ಒಮ್ಮೆ ತೀರ್ಮಾನಿಸಿ, ಆಮೇಲೆ ಎಣ್ಣೆಯಲ್ಲಿ ಸೂಕ್ಷ್ಮವಾಗಿ ಆಡಬೇಕು. ಬೇರೆ ಬೇರೆ ಕಂಪನಿಗಳು ಬಾಟಲಿಯ ಮೇಲೆ ಬರೆಯುವ 30, 40 ಎಂಬ ಅಂಕಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಸೆಂಟಿಸ್ಟೋಕ್ ಸಂಖ್ಯೆಯನ್ನೇ ನೋಡಿ ಕೊಳ್ಳಿ. ಎಣ್ಣೆಯಲ್ಲಿ ಗುಳ್ಳೆ ಸಿಕ್ಕಿಕೊಂಡರೆ ಈ ಲೆಕ್ಕವೆಲ್ಲ ವ್ಯರ್ಥ, ಏಕೆಂದರೆ ಗಾಳಿ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಪಿಸ್ಟನ್ನನ್ನು ಎಣ್ಣೆಯೊಳಗೆ ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಕೊನೆಯ ಗುಳ್ಳೆ ಮೇಲೆ ಬಂದು ಒಡೆಯುವವರೆಗೆ ಕಾದು, ಆಮೇಲೆ ಮುಚ್ಚಳ ಬಿಗಿಯಬೇಕು.

ದಪ್ಪ ಎಣ್ಣೆ ಹಾಕಿದರೆ ಭಾರ ನಿಧಾನವಾಗಿ ಸರಿಯುತ್ತದೆ ಎಂಬ ಮಾತೂ ಇದೆ. ನಿಧಾನವಾಗುವುದು ಕಾರಿನ ಮೈ ಬಾಗುವುದು ಮಾತ್ರ. ಬಾಗುವುದನ್ನು ತಡೆಯುತ್ತಿರುವ ಶಾಕ್ ಆ ಬಲವನ್ನು ತಾನೇ ಟೈರಿಗೆ ದಾಟಿಸುತ್ತಿರುತ್ತದೆ. ಆದ್ದರಿಂದ ದಪ್ಪ ಎಣ್ಣೆಯ ಕಾರಿನಲ್ಲಿ ಭಾರ ಟೈರನ್ನು ಬೇಗ ಮುಟ್ಟುತ್ತದೆ, ಕಾರು ಸ್ಟಿಯರಿಂಗಿಗೂ ಬ್ರೇಕಿಗೂ ಚುರುಕಾಗಿ ಓಗೊಡುತ್ತದೆ. ತೆಳು ಎಣ್ಣೆಯ ಕಾರು ಮೊದಲು ಬಾಗಿ, ಆಮೇಲೆ ತಿರುಗುತ್ತದೆ. ನಯವಾದ ಟ್ರ್ಯಾಕಿನಲ್ಲಿ ಮೊದಲನೆಯದು, ಉಬ್ಬುತಗ್ಗಿನ ಟ್ರ್ಯಾಕಿನಲ್ಲಿ ಎರಡನೆಯದು ಒಳ್ಳೆಯದು.

ಇನ್ನು ಬ್ರೇಕು. ನಾಲ್ಕು ಗಾಲಿಗಳಿಗೆ ನಾಲ್ಕು ಬ್ರೇಕುಗಳಿರುತ್ತವೆ ಎಂದುಕೊಂಡು ಈ ಕಾರಿನ ಮುಚ್ಚಳ ತೆಗೆದವರಿಗೆ ಅಚ್ಚರಿ ಕಾದಿರುತ್ತದೆ. ಇರುವುದು ಒಂದೇ ಡಿಸ್ಕು, ಅದೂ ಗಾಲಿಯಲ್ಲಲ್ಲ, ಕಾರಿನ ಮಧ್ಯದಲ್ಲಿ ಬೆಲ್ಟುಗಳನ್ನು ತಿರುಗಿಸುವ ಶಾಫ್ಟಿನ ಮೇಲೆ. ಆ ಶಾಫ್ಟು ಗಾಲಿಗಿಂತ ವೇಗವಾಗಿ ತಿರುಗುವುದರಿಂದ ಕಡಿಮೆ ತಿರುಚು ಬಲದಲ್ಲೇ ಕಾರನ್ನು ತಡೆಯಬಹುದು. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಪೂರ್ತಿ ವೇಗದಲ್ಲಿ ಬ್ರೇಕ್ ಒತ್ತಿದ ಮೊದಲ ಕ್ಷಣದಲ್ಲಿ ಈ ಪುಟ್ಟ ಡಿಸ್ಕು 460 ವ್ಯಾಟ್ ದರದಲ್ಲಿ ಚಲನಶಕ್ತಿಯನ್ನು ಶಾಖವಾಗಿ ಬದಲಿಸಬೇಕಾಗುತ್ತದೆ. ಸುಟ್ಟ ಹರಳೆಣ್ಣೆಯ ಒಂದು ಹನಿ ಎಕ್ಸಾಸ್ಟಿನಿಂದ ಸೋರಿ ಅದರ ಮೇಲೆ ಬಿದ್ದರೂ ಬ್ರೇಕಿನ ಗುಣವೇ ಕೆಟ್ಟುಹೋಗುತ್ತದೆ. ಹಾಗಾಗಿ ಪ್ರತಿ ಓಟದ ನಂತರ ಡಿಸ್ಕು ಮತ್ತು ಪ್ಯಾಡುಗಳನ್ನು ಕ್ಲೀನರ್‌ನಿಂದ ತೊಳೆಯುವುದು ಎಲ್ಲ ಒಳ್ಳೆಯ ಸ್ಪರ್ಧಿಗಳ ಅಭ್ಯಾಸ. ಬೆಲ್ಟಿನ ಬಿಗಿಯನ್ನೂ ಆಗಲೇ ನೋಡಬೇಕು. ಸಡಿಲವಾದ ಬೆಲ್ಟು ಬ್ರೇಕ್ ಬಿದ್ದಾಗ ಹಲ್ಲು ಹಾರಿಸುತ್ತದೆ.

ಈ ಒಂದು ಡಿಸ್ಕಿನ ವ್ಯವಸ್ಥೆಯಲ್ಲಿ ಒಂದು ಸೊಗಸಾದ ಗುಣ ಅಡಗಿದೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಸರಿಯುತ್ತದೆ, ಆದ್ದರಿಂದ ಮುಂದಿನ ಟೈರುಗಳು ಹೆಚ್ಚು ಕೆಲಸ ಮಾಡಬೇಕು, ಹಿಂದಿನವು ಕಡಿಮೆ. ನಿಜವಾದ ಕಾರಿನಲ್ಲಿ ಈ ಅನುಪಾತ ಕಾಯಲು ವಿಶೇಷ ಕವಾಟಗಳನ್ನೋ ಎಲೆಕ್ಟ್ರಾನಿಕ್ ಸಾಧನಗಳನ್ನೋ ಅಳವಡಿಸುತ್ತಾರೆ. ನಮ್ಮ ಕಾರಿನಲ್ಲಿ ಮುಂದಿನ ಅಚ್ಚು ಗಟ್ಟಿಯಾಗಿ ಬಂಧಿಸಿದ್ದಾಗಿದ್ದರೆ ಬೆಲ್ಟುಗಳೇ ಈ ಕೆಲಸ ಮಾಡಿಬಿಡುತ್ತವೆ. ಮುಂದಿನ ಜೋಡಿಯೂ ಹಿಂದಿನ ಜೋಡಿಯೂ ಒಂದೇ ಶಾಫ್ಟಿಗೆ ಕಟ್ಟುಬಿದ್ದು ಒಂದೇ ವೇಗದಲ್ಲಿ ತಿರುಗಬೇಕಾದ್ದರಿಂದ ಒಂದು ತುದಿ ಮಾತ್ರ ಲಾಕ್ ಆಗಲು ಸಾಧ್ಯವೇ ಇಲ್ಲ. ಯಾವ ಟೈರಿಗೆ ಭಾರ ಹೆಚ್ಚಿದೆಯೋ ಅದು ತಾನಾಗಿ ಹೆಚ್ಚು ತಡೆಯುತ್ತದೆ. ಕಂಪ್ಯೂಟರ್ ಇಲ್ಲದೆ, ಕವಾಟವಿಲ್ಲದೆ, ಭಾರವಿದ್ದಲ್ಲಿಗೇ ಬ್ರೇಕು ಹೋಗುತ್ತದೆ.

ಇದಕ್ಕೆ ತೆರಬೇಕಾದ ಬೆಲೆ ತಿರುವಿನಲ್ಲಿದೆ. ತಿರುಗುವಾಗ ಹೊರಗಾಲಿ ಒಳಗಾಲಿಗಿಂತ, ಮುಂದಿನ ಜೋಡಿ ಹಿಂದಿನದಕ್ಕಿಂತ ಹೆಚ್ಚು ದೂರ ಸಾಗಬೇಕು. ಕಟ್ಟಿಹಾಕಿದ ಅಚ್ಚು ಅದಕ್ಕೆ ಅವಕಾಶ ಕೊಡದೆ ಟೈರನ್ನು ಎಳೆದಾಡಿಸುತ್ತದೆ, ಮೂತಿ ತಿರುವಿನೊಳಕ್ಕೆ ಬರಲು ಹಟ ಮಾಡುತ್ತದೆ. ಇದಕ್ಕೆ ಬದಲಾಗಿ ಮುಂದೆ ಒನ್-ವೇ ಬೇರಿಂಗ್ ಹಾಕುವ ಪದ್ಧತಿಯಿದೆ. ಅದರಲ್ಲಿ ಎಂಜಿನ್ನು ಮುಂದಿನ ಗಾಲಿಗಳನ್ನು ಎಳೆಯಬಲ್ಲದು, ಆದರೆ ಬ್ರೇಕು ಅವನ್ನು ಹಿಡಿಯಲಾರದು. ಕಾರು ತಿರುವಿಗೆ ಬಹಳ ಚೂಪಾಗಿ ಇಳಿಯುತ್ತದೆ. ಆದರೆ ತಡೆಯುವುದು ಹಿಂದಿನ ಗಾಲಿಗಳು ಮಾತ್ರ, ಅದೂ ಅವುಗಳ ಮೇಲಿನ ಭಾರ ಮುಂದಕ್ಕೆ ಓಡಿಹೋಗುತ್ತಿರುವ ಹೊತ್ತಿನಲ್ಲಿ. ಮುಂದಿನ ಹಿಂದಿನ ಅಚ್ಚುಗಳ ನಡುವಿನ ಅಂತರ (ವೀಲ್‌ಬೇಸ್) 255 ಮಿ.ಮೀ., ನಿಂತಾಗ ಹಿಂದೆ ಶೇಕಡ 55 ಭಾರ ಎಂದು ಹಿಡಿದು ಲೆಕ್ಕ ಹಾಕಿದರೆ, ಅಧ್ಯಾಯದ ಮೊದಲಲ್ಲಿ ಹೇಳಿದ 39 ಮೀಟರ್ ಸುಮಾರು 81ಕ್ಕೆ ಏರುತ್ತದೆ. ಹಿಡಿತವೆಲ್ಲ ತಡೆಯುವುದಕ್ಕೇ ಖರ್ಚಾದ ಹಿಂದಿನ ಟೈರುಗಳಲ್ಲಿ ಅಡ್ಡಕ್ಕೆ ಹಿಡಿಯಲು ಏನೂ ಉಳಿಯದೆ ಕಾರು ಗಿರಕಿ ಹೊಡೆಯುತ್ತದೆ. ಒನ್-ವೇ ಕಾರನ್ನು ನೇರ ಹಾದಿಯಲ್ಲೇ, ಮೃದುವಾಗಿ ತಡೆಯಬೇಕು. ಹೊಸಬರು ಗಟ್ಟಿ ಅಚ್ಚಿನಿಂದಲೇ ಆರಂಭಿಸಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಬ್ರೇಕಿನ ಪ್ರಮಾಣ ಹೊಂದಿಸುವುದು ಮೂರು ಕಡೆ ನಡೆಯುತ್ತದೆ: ಪ್ಯಾಡುಗಳ ನಡುವಿನ ಸಂದು, ಸರ್ವೋದಿಂದ ಬರುವ ಕಡ್ಡಿಯ ಉದ್ದ, ಮತ್ತು ಟ್ರಾನ್ಸ್‌ಮಿಟರ್. ಕಾರ್ಬ್ಯುರೇಟರ್ ತೆರೆಯುವ ಸರ್ವೋ ಮೋಟರೇ ವಿರುದ್ಧ ದಿಕ್ಕಿಗೆ ತಿರುಗಿ ಬ್ರೇಕನ್ನೂ ಎಳೆಯುತ್ತದೆ. ಕಾರ್ಬ್ಯುರೇಟರ್ ಪೂರ್ತಿ ಐಡಲ್‌ಗೆ ಬಂದ ಮೇಲಷ್ಟೇ ಪ್ಯಾಡು ಡಿಸ್ಕನ್ನು ಮುಟ್ಟಬೇಕು. ಕೈಯಲ್ಲಿ ಕಾರನ್ನು ತಳ್ಳಿದಾಗ ಎಲ್ಲೂ ತಡೆಯಬಾರದು, ಏಕೆಂದರೆ ಸದಾ ಉಜ್ಜುತ್ತಿರುವ ಬ್ರೇಕು ಎಂಜಿನ್ನನ್ನು ಕಾಯಿಸುತ್ತದೆ, ಇಂಧನ ತಿನ್ನುತ್ತದೆ. ಟ್ರಾನ್ಸ್‌ಮಿಟರ್‌ನಲ್ಲಿ ಬ್ರೇಕಿನ ಗರಿಷ್ಠ ಮಿತಿಯನ್ನು ಮೊದಲು ಬಹಳ ಕಡಿಮೆ ಇಟ್ಟು, ಟ್ರ್ಯಾಕಿನಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಗಾಲಿಗಳು ನಿಂತು ಟೈರು ಕಿರುಚಿದ ಹಂತದಿಂದ ಒಂದಿಷ್ಟು ಕೆಳಗೆ ನಿಮ್ಮ ಮಿತಿಯಿದೆ.

ಬ್ರೇಕ್ ಬಿದ್ದಾಗ ಮೂತಿ ಅದುಮಿ ಬಾಲ ಏಳುವುದನ್ನು ತಡೆಯಲು ಮುಂದಿನ ಕೆಳ ತೋಳುಗಳ ಪಿನ್ನನ್ನು ಓರೆಯಾಗಿಸುವ ಉಪಾಯವೂ ಉಂಟು. ಇಲ್ಲಿ ದೊಡ್ಡ ಕಾರಿನ ಪುಸ್ತಕ ಓದಿದವರು ಮೋಸಹೋಗುತ್ತಾರೆ. ಗಾಲಿಯಲ್ಲೇ ಬ್ರೇಕಿರುವ ಕಾರಿನಲ್ಲಿ ತಿರುಚು ಬಲವನ್ನು ಸಸ್ಪೆನ್ಷನ್ನಿನ ತೋಳುಗಳು ತಡೆದುಕೊಳ್ಳಬೇಕು. ನಮ್ಮ ಕಾರಿನ ಡಿಸ್ಕು ಚಾಸಿಯ ಮೇಲಿರುವುದರಿಂದ ಆ ಬಲ ತೋಳುಗಳಿಗೆ ಬರುವುದೇ ಇಲ್ಲ. ಬ್ರೇಕಿನ ಬಲ ಗಾಲಿಯ ನಡುವಿನ ಮೂಲಕ ತಳ್ಳಿದಂತೆ ಕೆಲಸ ಮಾಡುತ್ತದೆ. ಹಾಗಾಗಿ ದೊಡ್ಡ ಕಾರಿನ ಕೋನವನ್ನು ಇಲ್ಲಿಗೆ ನಕಲು ಮಾಡಿದರೆ ಅದೇ ಫಲ ಸಿಗುವುದಿಲ್ಲ. ಬಾಲ ಏಳುವುದನ್ನು ಮಿತಿಗೊಳಿಸುವ ಹೆಚ್ಚು ನೇರವಾದ ದಾರಿ ಹಿಂದಿನ ತೋಳಿನಲ್ಲಿರುವ ತಡೆ ಸ್ಕ್ರೂ. ಅದನ್ನು ಬಿಗಿದಷ್ಟೂ ತೋಳು ಕೆಳಕ್ಕೆ ಇಳಿಯುವ ದೂರ ಕಡಿಮೆಯಾಗಿ, ಬ್ರೇಕಿನಲ್ಲಿ ಕಾರಿನ ಮೈ ಅಷ್ಟಾಗಿ ಮೇಲೇಳುವುದಿಲ್ಲ. ಅತಿಯಾದರೆ ಉಬ್ಬುಗಳ ಮೇಲೆ ಹಿಂದಿನ ಗಾಲಿ ನೆಲ ಬಿಡುತ್ತದೆ. ಹಿಂದಿನ ಗಾಲಿಗಳನ್ನು 2ರಿಂದ 3 ಡಿಗ್ರಿ ಒಳಮುಖವಾಗಿಸಿರುವುದೂ ಈ ಹಗುರಾದ ಕ್ಷಣದಲ್ಲಿ ಬಾಲವನ್ನು ನೇರವಾಗಿಡಲಿಕ್ಕೇ.

ಬ್ರೇಕ್ ಹಾಕಿದಾಗ ಕಾರು ಒಂದೇ ಬದಿಗೆ ಎಳೆಯುತ್ತಿದ್ದರೆ ಬ್ರೇಕನ್ನು ಬೈಯುವ ಮೊದಲು ಚಾಸಿಯನ್ನು ಪರೀಕ್ಷಿಸಿ. ಮಟ್ಟವಾದ ಹಲಗೆಯ ಮೇಲೆ ಕಾರನ್ನಿಟ್ಟು, ಮುಂದಿನ ತುದಿಯ ಸರಿಯಾದ ಮಧ್ಯಕ್ಕೆ ಚಾಕುವಿನ ಅಲಗು ಕೊಟ್ಟು ಮೆಲ್ಲಗೆ ಎತ್ತಿ. ಎರಡೂ ಗಾಲಿಗಳು ಒಟ್ಟಿಗೇ ನೆಲ ಬಿಡಬೇಕು. ಒಂದು ಮೊದಲು ಎದ್ದರೆ ಭಾರ ಓರೆಯಾಗಿ ಹಂಚಿಹೋಗಿದೆ. ಬಾಗಿದ ಚಾಸಿಯೋ, ಸಮವಲ್ಲದ ಸ್ಪ್ರಿಂಗ್ ಉಂಗುರವೋ, ಆಂಟಿ-ರೋಲ್ ಬಾರಿನ ಕಡ್ಡಿಯೋ ಕಾರಣ. ಎರಡು ನಿಮಿಷದ ಈ ಪರೀಕ್ಷೆ ಎಷ್ಟೋ ಗಂಟೆಗಳ ಪರದಾಟವನ್ನು ಉಳಿಸುತ್ತದೆ.

ಇಷ್ಟೆಲ್ಲ ಹೊಂದಿಸಿದ ಮೇಲೂ ಕಾರು ಓಡುತ್ತಾ ಓಡುತ್ತಾ ಬೇರೆಯಾಗುತ್ತದೆ. ತುಂಬಿದ ಟ್ಯಾಂಕಿನಲ್ಲಿರುವ 65 ಗ್ರಾಂ ಇಂಧನ ಕಾರಿನ ತೂಕದ ಸುಮಾರು ಶೇಕಡ 4. ನಾಲ್ಕೈದು ನಿಮಿಷದಲ್ಲಿ ಅದು ಖಾಲಿಯಾಗಿ ಮತ್ತೆ ತುಂಬುತ್ತದೆ. ಫೋಮ್ ಟೈರು ಅದಕ್ಕಿಂತ ದೊಡ್ಡ ಬದಲಾವಣೆ ತರುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ನಡೆಯುವ ಫೈನಲ್‌ಗಳಲ್ಲಿ ಅದು ಮಿಲಿಮೀಟರ್‌ಗಟ್ಟಲೆ ಸವೆಯುತ್ತದೆ. ವ್ಯಾಸ 2 ಮಿ.ಮೀ. ಕುಗ್ಗಿದರೆ 5 ಮಿ.ಮೀ. ಎತ್ತರದಲ್ಲಿದ್ದ ಕಾರು 4ಕ್ಕೆ ಇಳಿದಿರುತ್ತದೆ. 60 ಮಿ.ಮೀ. ವ್ಯಾಸದ ಮುಂದಿನ ಟೈರು ಹಿಂದಿನದಕ್ಕಿಂತ ಒಂದು ಮಿ.ಮೀ. ಹೆಚ್ಚು ಸವೆದರೂ, ಒಂದೇ ಶಾಫ್ಟಿಗೆ ಕಟ್ಟಿದ ಎರಡು ಜೋಡಿಗಳ ನಡುವೆ ಶೇಕಡ 1.7 ವೇಗ ವ್ಯತ್ಯಾಸ ಹುಟ್ಟುತ್ತದೆ. ನಿಧಾನವಾದ ಮುಂದಿನ ಟೈರು ಬ್ರೇಕಿನಲ್ಲಿ ಹೆಚ್ಚು ಜಾರಿ, ಹೆಚ್ಚು ತಡೆಯತೊಡಗುತ್ತದೆ. ಯಾರೂ ಒಂದು ಸ್ಕ್ರೂ ಮುಟ್ಟದೆಯೇ ಬ್ರೇಕಿನ ಹಂಚಿಕೆ ಬದಲಾಗಿಬಿಟ್ಟಿರುತ್ತದೆ.

ಆದ್ದರಿಂದ ಓಟ ಮುಗಿದ ಕೂಡಲೇ ವರ್ನಿಯರ್ ಕ್ಯಾಲಿಪರ್ ಹಿಡಿದು ಪ್ರತಿ ಟೈರಿನ ಒಳ ಅಂಚು, ಹೊರ ಅಂಚುಗಳ ವ್ಯಾಸ ಅಳೆಯಿರಿ. ಒಳ ಅಂಚು ಹೆಚ್ಚು ಸವೆದಿದ್ದರೆ ಗಾಲಿಯ ಓರೆ, ಅಂದರೆ ಕ್ಯಾಂಬರ್, ಅತಿಯಾಗಿದೆ. ಹೊರ ಅಂಚು ಸವೆದಿದ್ದರೆ ಸಾಲದು. ಸಾಮಾನ್ಯವಾಗಿ ಒಂದರಿಂದ ಎರಡು ಡಿಗ್ರಿ ಒಳಕ್ಕೆ ಬಾಗಿದ ಗಾಲಿ ಸಮನಾಗಿ ಸವೆಯುತ್ತದೆ. ಈ ಅಂಕಿಗಳನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ದಿನಾಂಕ, ಬಿಸಿಲು, ಎಣ್ಣೆಯ ಸಂಖ್ಯೆಯ ಜತೆ ಬರೆದಿಡಿ. ಒಮ್ಮೆಗೆ ಒಂದನ್ನೇ ಬದಲಿಸಿ.

ಕಾರನ್ನು ನೆಲಕ್ಕಿಳಿಸುವ ಮುನ್ನ ಪ್ರತಿ ಸಲವೂ ಮಾಡಬೇಕಾದ ಇನ್ನೊಂದು ಕೆಲಸವಿದೆ. ರೇಡಿಯೋ ಸಂಪರ್ಕ ಕಡಿದಾಗ ಕಾರ್ಬ್ಯುರೇಟರನ್ನು ಮುಚ್ಚಿ ಬ್ರೇಕ್ ಹಿಡಿಯುವಂತೆ ರಿಸೀವರ್‌ನಲ್ಲಿ ಮೊದಲೇ ಹೇಳಿಡುವ ವ್ಯವಸ್ಥೆಗೆ ಫೇಲ್‌ಸೇಫ್ ಎನ್ನುತ್ತಾರೆ. ಎಂಜಿನ್ ಆಫ್ ಇರುವಾಗ ಗಾಲಿಗಳನ್ನು ನೆಲದಿಂದ ಎತ್ತಿ, ರಿಸೀವರ್ ಚಾಲೂ ಇರುವಂತೆಯೇ ಟ್ರಾನ್ಸ್‌ಮಿಟರನ್ನು ಮಾತ್ರ ಆಫ್ ಮಾಡಿ ನೋಡಿ. ಸರ್ವೋ ಬ್ರೇಕಿನ ಕಡೆಗೆ ತಿರುಗಿ ನಿಂತರೆ ಸರಿ. ತಿರುಗದಿದ್ದರೆ, ಅಥವಾ ರಿಸೀವರ್ ಬ್ಯಾಟರಿಯ ಚಾರ್ಜಿನ ಬಗ್ಗೆ ಒಂದಿಷ್ಟು ಅನುಮಾನ ಬಂದರೂ, ಅಂದು ಎಂಜಿನ್ ಶುರು ಮಾಡಲೇಬೇಡಿ. ಬ್ಯಾಟರಿ ಸತ್ತರೆ ಫೇಲ್‌ಸೇಫೂ ಕೆಲಸ ಮಾಡದು. ಕಾರ್ಬ್ಯುರೇಟರನ್ನು ಎಳೆದು ಮುಚ್ಚುವ ಒಂದು ಪುಟ್ಟ ಸ್ಪ್ರಿಂಗನ್ನು ಅದಕ್ಕಾಗಿ ಬೇರೆಯಾಗಿ ಸಿಕ್ಕಿಸಿಡಿ.